ಪಾದೆಯ ಮೇಲಿನ ಪಳ್ಳ ನೋಡಲು ಹೋಗುವುದು ಹೇಗೆ?

ಕಾಸರಗೋಡಿನ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡಗಳನ್ನು ಬೇಸಗೆಯಲ್ಲಷ್ಟೇ ಕಂಡವರು ಅಲ್ಲಿ ನೋಡಲು ಏನಿದೆ ಎಂದು ಕೇಳುತ್ತಾರೆ. ಕಾದು ಕಪ್ಪಾದ ಪಾದೆ (ಬೋಳು ಕಲ್ಲುನೆಲ), ಒಣಗಿ ನಿಂತ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಅದೇ ಪಾದೆಯ ತಗ್ಗುಗಳಲ್ಲಿ ನೀರು ನಿಂತು ಪಳ್ಳಗಳಾಗುತ್ತವೆ. ಕೆಲವು ಕೊಡೆಯಷ್ಟು ಅಗಲ, ಕೆಲವು ಗದ್ದೆಯಷ್ಟು. ಹೆಚ್ಚಿನವು ನಾಲ್ಕೈದು ತಿಂಗಳಲ್ಲಿ ಬತ್ತಿಹೋಗುತ್ತವೆ. ಅಷ್ಟರೊಳಗೆ ಹುಟ್ಟಿ, ಹೂಬಿಟ್ಟು, ಮರಿ ಮಾಡಿ ಮುಗಿಸುವ ಜೀವಿಗಳ ಲೋಕ ಅಲ್ಲಿದೆ. ಗೇಟಿಲ್ಲ, ಟಿಕೆಟ್ಟಿಲ್ಲ, ಇದು ಇಂಥದ್ದು ಎಂದು ತೋರಿಸುವ ಫಲಕವೂ ಇಲ್ಲ. ಆದ್ದರಿಂದ ಹೋಗುವವರೇ ಸ್ವಲ್ಪ ತಿಳಿದುಕೊಂಡು ಹೋಗಬೇಕು.

ಮೊದಲು ತಿಂಗಳನ್ನು ಆರಿಸಿ

ಯಾವಾಗ ಹೋಗುತ್ತೀರಿ ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದು ನಿಂತಿದೆ. ಜೂನ್‌ನ ಮೊದಲ ಜಡಿಮಳೆಯ ದಿನಗಳು ಕಪ್ಪೆಗಳವು. ವರ್ಷವಿಡೀ ಮಣ್ಣುಬಣ್ಣದಲ್ಲಿರುವ ಗೋಂಕರ ಕಪ್ಪೆಯ ಗಂಡು ಆಗ ಅರಸಿನದ ಬಣ್ಣ ತಾಳುತ್ತದೆ. ಕೂಗುವಾಗ ಗಂಟಲಿನ ಎರಡೂ ಬದಿಗಳಲ್ಲಿ ಕಡುನೀಲಿ ಚೀಲಗಳು ಉಬ್ಬುತ್ತವೆ. ಈ ಬಣ್ಣ ಕೆಲವೇ ದಿನ ಇರುತ್ತದೆ. ತಡಮಾಡಿದರೆ ಮುಂದಿನ ವರ್ಷಕ್ಕೇ ಕಾಯಬೇಕು.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಹೋಗಬೇಡಿ ಎಂದೇ ಹೇಳುತ್ತೇನೆ. ಎಡೆಬಿಡದ ಮಳೆಯಲ್ಲಿ ಕಣ್ಣು ಬಿಡುವುದೇ ಕಷ್ಟ, ಪಾದೆಯ ಮೇಲಿನ ಹಾವಸೆಯಲ್ಲಿ ಕಾಲು ನಿಲ್ಲುವುದಿಲ್ಲ. ಸೋಣ ತಿಂಗಳು, ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿ, ಎಲ್ಲಕ್ಕಿಂತ ಒಳ್ಳೆಯದು. ಮಳೆ ಬಿಟ್ಟು ಬಿಟ್ಟು ಬರುತ್ತದೆ, ಬಿಸಿಲೂ ಇಣುಕುತ್ತದೆ, ಪಾದೆ ತುಂಬ ಹೂ. ಒಂದೇ ಸಲ ಹೋಗಲು ಸಾಧ್ಯವಿರುವವರು ಸೋಣದಲ್ಲೇ ಹೋಗಿ. ಹಕ್ಕಿಗಳಿಗಾಗಿ ಹೋಗುವವರು ಅಕ್ಟೋಬರ್ ನಂತರ ಹೊರಡಬಹುದು. ಚಳಿಗಾಲದ ವಲಸೆಗಾರ ನವರಂಗ ಆಗ ಪೊದೆಗಳಿಗೆ ಬಂದಿರುತ್ತದೆ, ಬೆಳಗು ಬೈಗುಗಳಲ್ಲಿ ಕೂಗುತ್ತದೆ. ಆದರೆ ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಹೆಚ್ಚು. ಬೋಳು ಪಾದೆಯ ಮೇಲೆ ಎದ್ದು ಕಾಣುವುದು ನೀವೊಬ್ಬರೇ ಆಗಿರುತ್ತೀರಿ. ಮೋಡ ಕಪ್ಪಾಗುವ ಮೊದಲೇ ಇಳಿದುಬಿಡಿ.

ಎಲ್ಲಿಗೆ, ಯಾರನ್ನು ಕೇಳಿ

ಕುಂಬಳೆಯನ್ನು ನೆಲೆಯಾಗಿಟ್ಟುಕೊಳ್ಳುವುದು ಅನುಕೂಲ. ರೈಲು ನಿಲ್ದಾಣವಿದೆ, ಮಂಗಳೂರು–ಕಾಸರಗೋಡು ಬಸ್ಸುಗಳು ನಿಲ್ಲುತ್ತವೆ. ಅಲ್ಲಿಂದ ಸೀತಾಂಗೋಳಿ, ಬದಿಯಡ್ಕದ ದಾರಿ ಹಿಡಿದರೆ ಇಕ್ಕೆಲಗಳಲ್ಲೂ ಮುರಕಲ್ಲು ಗುಡ್ಡಗಳೇ. ಹಕ್ಕಿಗಳ ಊರೆಂದು ಹೆಸರಾದ ಕಿದೂರು ಕುಂಬಳೆ ಪಂಚಾಯಿತಿಗೇ ಸೇರಿದ್ದು. ಅಲ್ಲಿನ ಕಾಜೂರು ಪಳ್ಳ ಪಕ್ಷಿವೀಕ್ಷಕರಿಗೆ ಪರಿಚಿತ. ಉತ್ತರದಲ್ಲಿ ಪೊಸಡಿ ಗುಂಪೆ ಗುಡ್ಡ, ದಕ್ಷಿಣದಲ್ಲಿ ಹೆದ್ದಾರಿ ಬದಿಯ ಪೆರಿಯಕ್ಕೂ ಹೋಗಬಹುದು.

ಪಾದೆಗಳಲ್ಲಿ ಕೆಲವು ಖಾಸಗಿ, ಕೆಲವು ಸರ್ಕಾರದವು, ಕೆಲವು ದೇವಸ್ಥಾನದವು. ಹತ್ತಿರದ ಮನೆಯಲ್ಲಿ ಕೇಳಿಯೇ ಹತ್ತಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ದನ ಮೇಯಿಸುವವರಿಗೆ ಯಾವ ಪಳ್ಳದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದು ಬಾಯಿಪಾಠ. ಇನ್ನೊಂದು ಮಾತು ಮುಖ್ಯ. ಕಲ್ಲು ತೆಗೆದು ಬಿಟ್ಟ ಕೋರೆಗಳಲ್ಲೂ ನೀರು ತುಂಬಿರುತ್ತದೆ. ಅಂಚು ಗೋಡೆಯಂತೆ ನೇರವಾಗಿ ಕಡಿದಿದ್ದರೆ ಅದು ಕೋರೆ, ಪಳ್ಳವಲ್ಲ. ಆಳ ತಿಳಿಯುವುದಿಲ್ಲ, ಬಿದ್ದರೆ ಹತ್ತಿಬರಲು ಹಿಡಿತ ಸಿಗುವುದಿಲ್ಲ. ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡಬೇಡಿ.

ಚೀಲದಲ್ಲಿ ಹೆಚ್ಚೇನೂ ಬೇಡ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಇದ್ದರೆ ಬೈನಾಕ್ಯುಲರ್, ಕೊಡೆ, ಕುಡಿಯುವ ನೀರು, ಕುಳಿತುಕೊಳ್ಳಲು ಒಂದು ಅಡಿಕೆ ಹಾಳೆ. ಕಲ್ಲಿನ ಸಂದುಗಳಲ್ಲಿ ಕೊಳಕುಮಂಡಲ ಇರಬಹುದಾದ್ದರಿಂದ ಪಾದ ಮುಚ್ಚುವ ಬೂಟು ಹಾಕಿಕೊಳ್ಳಿ.

ಕುಳಿತು ನೋಡಿ

ಬೆಳಿಗ್ಗೆ ಎಂಟರ ಒಳಗೆ ಪಳ್ಳದ ಬದಿಗೆ ತಲುಪಿ, ಹಾಳೆ ಹಾಸಿ ಕುಳಿತುಬಿಡಿ. ನಿಂತವರಿಗೆ ಇಲ್ಲಿ ಹುಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೊದಲು ಕಾಣುವುದು ಮಲಯಾಳದಲ್ಲಿ ಕಾಕಪ್ಪೂವು ಎನ್ನುವ ನೇರಳೆ ಹೂ, ಓಣಂ ಹಬ್ಬದ ಹೂರಂಗೋಲಿಗೆ ಕೊಯ್ಯುವಂಥದ್ದು. ಯುಟ್ರಿಕ್ಯುಲೇರಿಯಾ ಕುಲದ ಈ ಗಿಡಕ್ಕೆ ನಿಜವಾದ ಬೇರಿಲ್ಲ. ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಸೂಕ್ಷ್ಮಜೀವಿ ಬಂದು ಬಾಗಿಲಿನ ರೋಮ ಸೋಕಿದರೆ ಚೀಲ ತೆರೆದು, ನೀರಿನ ಜೊತೆಗೇ ಅದನ್ನು ಒಳಗೆಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಮುಗಿಯುವ ಕೆಲಸ. ಪಕ್ಕದಲ್ಲೇ ಡ್ರೊಸೆರಾ ಎಂಬ ಇನ್ನೊಂದು ಹುಳಹಿಡುಕ ಗಿಡ ಇರುತ್ತದೆ. ಕೈಮಸೂರದಲ್ಲಿ ಅದರ ಎಲೆಯನ್ನು ನೋಡಿ: ಒಂದೊಂದು ಕೆಂಪು ಕೂದಲ ತುದಿಯಲ್ಲೂ ಒಂದೊಂದು ಅಂಟುಹನಿ, ಅಂಟಿಕೊಂಡ ನೊಣದ ಸುತ್ತ ಬಾಗಿದ ಕೂದಲುಗಳು. ಪಾದೆಯ ಮೇಲಿರುವುದು ಬೆರಳುದ್ದದ ಮಣ್ಣು, ಅದರಲ್ಲಿ ಸಾರಜನಕ ಬಹಳ ಕಡಿಮೆ. ಅದಕ್ಕಾಗಿಯೇ ಈ ಗಿಡಗಳು ಹುಳ ಹಿಡಿಯುತ್ತವೆ.

ಈಗ ನೀರಿನ ಮೇಲೆ ಕಣ್ಣಾಡಿಸಿ. ತೇಲುವ ದುಂಡನೆಯ ಎಲೆಗಳ ನಡುವೆ ಕಪ್ಪು ಕೇಸರಗಳ ಪುಟ್ಟ ಬಿಳಿ ಹೂ ಕಂಡರೆ ನೀವು ಪುಣ್ಯವಂತರು. ಅದು ನಿಂಫಾಯಿಡಿಸ್ ಕೃಷ್ಣಕೇಸರ, ಮಲಯಾಳದಲ್ಲಿ ಪೆರಿಯ ಪೋಳತ್ತಾಳಿ; ಇಂಥ ಮುರಕಲ್ಲು ಪಳ್ಳಗಳನ್ನೇ ನಂಬಿರುವ ಅಪರೂಪದ ಗಿಡ. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯಿತಿ ಇದನ್ನು ಜಿಲ್ಲೆಯ ಹೂವೆಂದು ಘೋಷಿಸಿತು. ಜಿಲ್ಲೆಯ ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಹೀಗೆ ಘೋಷಿಸಿದ ದೇಶದ ಮೊದಲ ಜಿಲ್ಲೆ ನಮ್ಮದು ಎಂಬುದು ನನಗೆ ಹೆಮ್ಮೆಯ ಸಂಗತಿ. ಹೂವನ್ನು ಕೀಳಬೇಡಿ, ನೀರಿಗೆ ಇಳಿಯಲೂ ಬೇಡಿ. ಕಾಲಿಟ್ಟರೆ ಕೆಸರೆದ್ದು ಗೊದಮೊಟ್ಟೆಗಳ ಮೇಲೆ ಕೂರುತ್ತದೆ. ಕಾಲಿಗೆ ಹಚ್ಚಿದ ಸೊಳ್ಳೆ ಮುಲಾಮು ಅಷ್ಟು ಸಣ್ಣ ನೀರಿಗೆ ವಿಷವೇ ಸರಿ. ಬೈಕ್, ಜೀಪುಗಳನ್ನು ರಸ್ತೆಯಲ್ಲೇ ಬಿಡಿ.

ಮಾರ್ಚ್‌ನಿಂದ ಮಳೆ ಹಿಡಿಯುವವರೆಗೂ ಪಾದೆಯ ಮೇಲೆ ಓಡಾಡುವುದಾದರೆ ಹಳದಿ ಟಿಟ್ಟಿಭದ ಮೇಲೆ ಗಮನವಿರಲಿ. ಅದು ಬರಿ ನೆಲದ ಮೇಲೆ ಇಡುವ ಮೊಟ್ಟೆಗೂ ಕಲ್ಲುಹರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಕ್ಕಿ ಕೂಗುತ್ತ ತಲೆಯ ಮೇಲೆ ಸುತ್ತತೊಡಗಿದರೆ ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ಹಿಂತಿರುಗಿ. ಬಿಸಿಲು ಏರಿದಾಗ ಅದು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ನೀವು ಹತ್ತಿರ ನಿಂತಷ್ಟು ಹೊತ್ತು ಮೊಟ್ಟೆ ಬೇಯುತ್ತದೆ.

ಇಳಿಯುವಾಗ ಗುಡ್ಡದ ಬುಡದಲ್ಲಿ ಯಾರದಾದರೂ ತೋಟದ ಸುರಂಗ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಬಿಲ, ಕಂಡರೆ, ಮನೆಯವರ ಒಪ್ಪಿಗೆ ಪಡೆದು ಬಾಯಿಯವರೆಗೆ ಹೋಗಿ ನೋಡಿ. ಮೇಲೆ ಪಾದೆಯಲ್ಲಿ ಇಂಗಿದ ಮಳೆನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಇಲ್ಲಿ ತೊಟ್ಟಿಕ್ಕಿ ಅಡಿಕೆ ತೋಟಕ್ಕೂ ಅಡುಗೆಮನೆಗೂ ಹರಿಯುತ್ತದೆ. ಇಂಥ ನೆಲವನ್ನು ಬಂಜರು ಎಂದು ಬರೆದುಕೊಂಡದ್ದೇ ದೊಡ್ಡ ತಪ್ಪು. ಹಾಗೆ ಬರೆದ ಮೇಲೆ ಕೋರೆಗೆ ಕೊಡುವುದೂ ಸುಲಭ, ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಸುಮಾರು 250 ಎಕರೆಯಲ್ಲಿ ಮಾಡಿದ ಹಾಗೆ ಸೌರಫಲಕ ಹಾಸುವುದೂ ಸುಲಭ. ಸೌರವಿದ್ಯುತ್ ಬೇಕು, ಯಾವ ಪಳ್ಳ ಎಲ್ಲಿದೆ ಎಂದು ನೋಡಿ ಗುರುತಿಸಿದ ಮೇಲೆ ಬರಲಿ ಎಂಬುದಷ್ಟೇ ನನ್ನ ಆಗ್ರಹ.

ಹಾಗಾಗಿ ಕಂಡದ್ದನ್ನು ದಾಖಲಿಸಿ. ಹಕ್ಕಿಗಳನ್ನು ಇ-ಬರ್ಡ್ ಜಾಲತಾಣದಲ್ಲಿ, ಗಿಡ ಕಪ್ಪೆಗಳನ್ನು ಐ-ನ್ಯಾಚುರಲಿಸ್ಟ್ ಜಾಲತಾಣದಲ್ಲಿ ಚಿತ್ರ, ದಿನಾಂಕ ಸಹಿತ ಸೇರಿಸಬಹುದು. ಅಪರೂಪದ್ದಾದರೆ ನಿಖರ ಜಾಗ ಮರೆಮಾಡುವ ಆಯ್ಕೆಯನ್ನು ಬಳಸಿ.

ಜಿಲ್ಲೆಯ ಪ್ರಾಣಿಯೆಂದು ಘೋಷಿತವಾದ ಕ್ಯಾಂಟರ್ ದೈತ್ಯ ಮೆದುಚಿಪ್ಪಿನ ಆಮೆಯನ್ನೂ ನೋಡಬೇಕೆಂದು ಪಯಸ್ವಿನಿ ಹೊಳೆಗೆ ಹೋಗುವ ಆಸೆ ಹಲವರಿಗಿದೆ. ಅದನ್ನು ಹುಡುಕಿಕೊಂಡು ಹೋಗಬೇಡಿ. ಜಗತ್ತಿನಲ್ಲೇ ತೀವ್ರ ಅಪಾಯದಲ್ಲಿರುವ ಈ ಆಮೆ ಬದುಕಿನ ಬಹುಪಾಲನ್ನು ಹೊಳೆಯ ಮರಳಿನಲ್ಲಿ ಹೂತುಕೊಂಡೇ ಕಳೆಯುತ್ತದೆ, ಮೊಟ್ಟೆಯಿಡುವುದೂ ದಡದ ಮರಳಿನಲ್ಲೇ. ಮೀನಿನ ಗಾಳಕ್ಕೋ ಬಲೆಗೋ ಸಿಕ್ಕಿದ್ದು ಕಣ್ಣಿಗೆ ಬಿದ್ದರೆ ದಾರ ಜಗ್ಗಲು ಬಿಡದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ಅದರ ಮೈ ಒಣಗದಂತೆ ನೋಡಿಕೊಳ್ಳಿ.