ಶ್ರಾವಣದ ಮಳೆಯಲ್ಲಿ ಆರತಕ್ಷತೆಗೆ ರೇಷ್ಮೆ ಉಟ್ಟ ಬಗೆ

ಆಷಾಢ ಕಳೆದು ಶ್ರಾವಣ ಬಂದೊಡನೆ ತೀರ್ಥಹಳ್ಳಿಯ ಕಡೆ ಶುಭಕಾರ್ಯಗಳು ಮತ್ತೆ ಆರಂಭವಾಗುತ್ತವೆ. ಮಳೆ ಮಾತ್ರ ಇನ್ನೂ ಬಿಟ್ಟಿರುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ. ಇಂಥ ಊರಿನಲ್ಲಿ, ಸಂಜೆ ಏಳು ಗಂಟೆಯ ಆರತಕ್ಷತೆಗೆ, ಮೂರೂ ಕಡೆ ತೆರೆದಿರುವ ತಗಡಿನ ಚಪ್ಪರದ ಕೆಳಗೆ ರೇಷ್ಮೆ ಸೀರೆ ಉಟ್ಟು ಎರಡು ಮೂರು ಗಂಟೆ ನಿಲ್ಲಬೇಕಾದಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಅಲಂಕಾರವನ್ನು ಸಾಮಾನ್ಯವಾಗಿ ತಲೆಯಿಂದ ಯೋಚಿಸುತ್ತೇವೆ. ಮಳೆಗಾಲದಲ್ಲಿ ಅದನ್ನು ಪಾದದಿಂದ ಯೋಚಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೀರೆ ಹಾಳಾಗುವುದೂ ಮೈ ನಡುಗುವುದೂ ಕೆಳಗಿನ ಒಂದು ಗೇಣಿನಿಂದಲೇ.

ಛತ್ರದಲ್ಲಿ ಕೋಣೆ ಸಿಗುವವರು ಅಲ್ಲಿಗೆ ಹೋಗಿ ಸೀರೆ ಉಡುವುದೇ ಒಳ್ಳೆಯದು. ಕಳೆದ ಸಲ ಕೋಣೆಗಳೆಲ್ಲ ಹೆಣ್ಣಿನ ಕಡೆಯವರಿಗೆ ಮೀಸಲಾಗಿದ್ದುದರಿಂದ ನಾನು ದೊಡ್ಡಮ್ಮನ ಮನೆಯಲ್ಲೇ ಉಟ್ಟು ಹೊರಡಬೇಕಾಯಿತು. ಆ ಮನೆಯಿಂದ ರಸ್ತೆಗೆ ಬರಲು ಅಡಿಕೆ ತೋಟದ ಅಂಚಿನಲ್ಲಿ ನಡೆಯಬೇಕು. ಆ ದಾರಿಯಲ್ಲಿ ಕೆಸರೂ ಇರುತ್ತದೆ, ಉಂಬಳಗಳೂ ಇರುತ್ತವೆ. ಆದ್ದರಿಂದ ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತೋಟಕ್ಕೆ ಹಾಕುವ ಗಮ್‌ಬೂಟನ್ನೇ ಹಾಕಿಕೊಂಡು ಕಾರಿನವರೆಗೆ ನಡೆದೆ. ಒಳ್ಳೆಯ ಚಪ್ಪಲಿ ಮತ್ತು ಒಂದು ಸಣ್ಣ ಟವೆಲ್ ಬಟ್ಟೆಯ ಚೀಲದಲ್ಲಿದ್ದವು. ಛತ್ರದ ಮೆಟ್ಟಿಲಿನಲ್ಲಿ ಕಾಲೊರೆಸಿಕೊಂಡು ಚಪ್ಪಲಿ ಬದಲಿಸಿದ ಮೇಲೆಯೇ ನೆರಿಗೆಯನ್ನು ಇಳಿಬಿಟ್ಟೆ. ಹೊರಡುವಾಗ ದೊಡ್ಡಮ್ಮ, "ಸೀರೆ ಒದ್ದೆಯಾದ್ರೆ ಒಣಗ್ತದೆ ಮಾರಾಯ್ತಿ, ಕಾಲು ತಣ್ಣಗಾದ್ರೆ ಊಟವೇ ಸೇರೂದಿಲ್ಲ" ಎಂದಿದ್ದರು. ಅವರ ಮಾತು ಪೂರ್ತಿ ಸರಿ.

ಹೀಗೆ ಎತ್ತಿ ಸಿಕ್ಕಿಸಲು ಎಲ್ಲ ಸೀರೆಗಳೂ ಒಗ್ಗುವುದಿಲ್ಲ. ದಪ್ಪ ಜರಿಯಂಚಿನ ಕಾಂಚೀಪುರದ ಸೀರೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಡೆ ಹಿಡಿಯುವುದು ಕಷ್ಟ, ಒಮ್ಮೆ ಮುದುಡಿದರೆ ಅದರ ಮಡಿಕೆಯೂ ಬೇಗ ಬಿಡುವುದಿಲ್ಲ. ಮೈಸೂರು ರೇಷ್ಮೆ ಹಾಗಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯಿಂದ ಬರುವ ಈ ಕ್ರೇಪ್ ಸೀರೆಯ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ; ಅದರಿಂದಾಗಿ ಸೀರೆ ಮುಷ್ಟಿಯಲ್ಲಿ ಹಿಡಿದರೂ ಸುಲಭವಾಗಿ ಸುಕ್ಕಾಗುವುದಿಲ್ಲ, ಬಿಟ್ಟೊಡನೆ ಜಾರಿ ನೆಟ್ಟಗಾಗುತ್ತದೆ. ಹನಿ ಬಿದ್ದಲ್ಲಿ ಕಲೆ ಉಳಿಯುವ ಭಯ ಇದಕ್ಕೂ ಇದೆ. ಒದ್ದೆಯಾದ ರೇಷ್ಮೆಯ ಎಳೆ ತನ್ನ ಬಲವನ್ನು ಸ್ವಲ್ಪ ಕಳೆದುಕೊಳ್ಳುವುದರಿಂದ, ಹನಿ ಬಿದ್ದ ಜಾಗವನ್ನು ಉಜ್ಜದೆ, ಒಣ ಹತ್ತಿ ಬಟ್ಟೆಯನ್ನು ಮೆಲ್ಲಗೆ ಒತ್ತಿ ನೀರು ತೆಗೆಯಬೇಕು.

ಲಂಗದ ಬಗ್ಗೆ ಯಾರೂ ಹೇಳುವುದಿಲ್ಲವಾದರೂ ಸೀರೆಯಷ್ಟೇ ಮುಖ್ಯವಾದದ್ದು ಅದು. ಹತ್ತಿಯ ಲಂಗದ ಅಂಚು ಒಮ್ಮೆ ನೀರಿಗೆ ತಾಗಿತೆಂದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ, ಆಮೇಲೆ ಇಡೀ ಸಂಜೆ ಕಾಲಿಗೆ ಅಂಟಿಕೊಂಡು ಮೈಯ ಶಾಖವನ್ನು ಹೀರುತ್ತದೆ. ಮಳೆಗಾಲಕ್ಕೆಂದೇ ನಾನು ಪಾಲಿಯೆಸ್ಟರ್ ಸ್ಯಾಟಿನ್ನಿನ ಲಂಗವನ್ನು ಸೀರೆಯ ಅಂಚಿಗಿಂತ ಎರಡು ಇಂಚು ಮೇಲೆ ನಿಲ್ಲುವಂತೆ ಹೊಲಿಸಿದ್ದೇನೆ. ಅದರ ಒಳಗೆ ತೆಳುವಾದ ಉಣ್ಣೆಯ ಲೆಗಿಂಗ್ಸ್ ಹಾಕಿಕೊಂಡರೆ ಹೊರಗೆ ಏನೂ ಕಾಣುವುದಿಲ್ಲ.

ಉಣ್ಣೆಯ ಮೇಲಿನ ನನ್ನ ನಂಬಿಕೆ ಕಂಬಳಿಯಿಂದ ಬಂದದ್ದು. ನಮ್ಮ ಹಿರಿಯರು ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದರು. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಹೀರಿಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮೇಲೆ ಹೊದೆಯಲು ಅಕ್ರಿಲಿಕ್ ಶಾಲಿಗಿಂತ ತೆಳುವಾದ ಉಣ್ಣೆ ಶಾಲನ್ನು ನಾನು ಆರಿಸುವುದು ಇದೇ ಕಾರಣಕ್ಕೆ. ಸೀರೆಯ ಒಡಲಿನ ಬಣ್ಣಕ್ಕೆ ಹೊಂದಿಸದೆ ಅಂಚಿನ ಬಣ್ಣಕ್ಕೆ ಹೊಂದುವ ಶಾಲು ತೆಗೆದುಕೊಂಡರೆ ಅದು ಚಳಿಗೆಂದು ಸುತ್ತಿಕೊಂಡಂತೆ ಕಾಣದೆ ಉಡುಪಿನದೇ ಭಾಗವಾಗುತ್ತದೆ. ಸೀರೆಯ ಮೇಲೆ ಸ್ವೆಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸೆರಗಿನ ಅಂದವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ರವಿಕೆಗೆ ಬೆನ್ನು ಮುಚ್ಚುವ ಕತ್ತು, ಮೊಣಕೈ ದಾಟುವ ತೋಳು ಮತ್ತು ಹತ್ತಿಯ ಒಳಬಟ್ಟೆ ಕೊಡಿಸಿದರೆ ಅರ್ಧ ಚಳಿ ಅಲ್ಲೇ ನಿಲ್ಲುತ್ತದೆ.

ಮನೆಯವರದು ಸುಲಭ. ಬಿಳಿ ಪಂಚೆಯನ್ನು ಚೀಲದಲ್ಲಿಟ್ಟುಕೊಂಡು, ಪ್ಯಾಂಟಿನಲ್ಲಿ ಬಂದು, ಛತ್ರದಲ್ಲಿ ಉಟ್ಟು ಮೇಲೆ ಉಣ್ಣೆಯ ಕೋಟು ಹಾಕಿದರು. ಕೊಡೆ ಮಾತ್ರ ಇಬ್ಬರಿಗೂ ಮಡಚುವಂಥದ್ದು ಬೇಡ, ಉದ್ದ ಕಾವಿನದೇ ಬೇಕು.

ಸೆಂಟನ್ನು ಸೀರೆ ಉಡುವ ಮೊದಲೇ ಕತ್ತಿಗೆ ಹಚ್ಚಿ ಆರಲು ಬಿಡುತ್ತೇನೆ, ಏಕೆಂದರೆ ಜರಿಯಲ್ಲಿ ಬೆಳ್ಳಿ ಇರುವುದರಿಂದ ಅದಕ್ಕೆ ತೇವವೂ ಸುಗಂಧದ್ರವ್ಯವೂ ಆಗದು. ಮನೆಗೆ ಬಂದ ಮೇಲೆ ಸೀರೆಯನ್ನು ಬಚ್ಚಲ ಒಲೆಯ ಬಳಿ ಒಣಹಾಕುವವರಿದ್ದಾರೆ. ಹೊಗೆಯಿಂದ ಜರಿ ಕಪ್ಪಾಗುತ್ತದೆ. ರಾತ್ರಿಯಿಡೀ ಒಳಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹರವಿ, ಮರುದಿನ ಮೇಲೊಂದು ಬಟ್ಟೆ ಹಾಸಿ ಒಳಮಗ್ಗುಲಿಗೆ ಕಡಿಮೆ ಶಾಖದ ಇಸ್ತ್ರಿ ಮಾಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಉಳಿದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ದೀಪಾವಳಿಯ ಹೊತ್ತಿಗೆ ಬಿಸಿಲು ಬಂದಾಗ ಮತ್ತೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಯಾಡಿಸಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿಡಬೇಕು.