ಸಗೋತ್ರ ಮದುವೆ: ಝೆನ್‌ಗೆ ಬೈಕಿನ ಥ್ರಾಟಲ್ ಬಾಡಿ ಕೂರಿಸಿದ ನನ್ನ ಅನುಭವ

"ಆಗಲ್ಲ ಸಾರ್. ಬೈಕಿಂದು ಬೈಕಿಗೆ, ಕಾರಿಂದು ಕಾರಿಗೆ. ಸುಮ್ನೆ ದುಡ್ಡು ಕಳ್ಕೋಬೇಡಿ."

ಝೆನ್ ಕಾರಿಗೆ ಬೈಕಿನ ಥ್ರಾಟಲ್ ಬಾಡಿ, ಅಂದರೆ ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಭಾಗ, ಹಾಕೋಣ ಎಂದಾಗ ಮೂರು ವರ್ಷದ ಹಿಂದೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಇಷ್ಟು ಹೇಳಿ, ಕೈ ಒರೆಸಿಕೊಂಡು ಟೀ ಕುಡಿಯಲು ಹೋಗಿದ್ದರು. ಅವರೊಬ್ಬರೇ ಅಲ್ಲ. ಬೆಂಗಳೂರಿನ ಇಬ್ಬರು ಟ್ಯೂನರ್‌ಗಳೂ ಅದನ್ನೇ ಹೇಳಿದರು. ಒಬ್ಬರಂತೂ "ಕಾರ್ಬುರೇಟರ್ ಹಾಕಿ ಮಲ್ಕೊಳ್ಳಿ" ಎಂದರು. ಹೋದ ಜನವರಿಯಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ನಾಲ್ಕು ಸೆಷನ್ ಓಡಿಸಿದೆ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ಕಾರು ಹಳೆಯ ಕಾರ್ಬುರೇಟರ್ ಮಾರುತಿ ಝೆನ್. ಒಳಗಿರುವುದು ಮಾರುತಿ ಎಸ್ಟೀಮ್‌ನ 16 ವಾಲ್ವ್ 1.3 ಲೀಟರ್ ಎಂಜಿನ್, ಅದರದ್ದೇ ಗೇರ್ ಬಾಕ್ಸ್. ಅದನ್ನು ಕೂರಿಸಲು ಮೌಂಟ್ ಬದಲಿಸಿದ ಕಥೆ ಇಲ್ಲಿ ಬೇಡ, ಬಿಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾರು ರೋಡಿಗೆ ಇಳಿಯುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಎಲ್ಲಿಗೆ ಹೋದರೂ ಫ್ಲಾಟ್‌ಬೆಡ್ ಲಾರಿ ಮೇಲೇ. ಟೆಸ್ಟ್ ಮಾಡಿದ್ದೆಲ್ಲ ನಂಜನಗೂಡಿನ ಕಡೆ ಗೆಳೆಯನ ಖಾಸಗಿ ಲೇಔಟಿನಲ್ಲಿ. ಅಲ್ಲಿ ಸೈಟು ಮಾರಾಟವಾಗದೆ ರಸ್ತೆ ಖಾಲಿ ಬಿದ್ದಿದೆ. ಅವನ ಕಷ್ಟ, ನನ್ನ ಅದೃಷ್ಟ.

ಥ್ರಾಟಲ್ ಬಾಡಿ ಸಿಕ್ಕಿದ್ದು ಬಿದ್ದು ಜಜ್ಜಿಹೋದ ಒಂದು ಜಿಎಸ್‌ಎಕ್ಸ್-ಆರ್ 600 ಬೈಕಿಂದ. ನಾಲ್ಕಕ್ಕೆ ಸೇರಿ 18 ಸಾವಿರ ಕೊಟ್ಟ ನೆನಪು. ಸುಜುಕಿ ಎಂಜಿನ್‌ಗೆ ಸುಜುಕಿ ಬಾಡಿ. "ಸಗೋತ್ರ ಮದುವೆ ಆಗಬಾರದು ಸಾರ್" ಅಂತ ಮೇಸ್ತ್ರಿ ಅದಕ್ಕೂ ನಕ್ಕಿದ್ದರು. ಆ ಬಾಡಿಯಲ್ಲಿ ಎರಡು ಸಾಲು ಚಿಟ್ಟೆ, ಅಂದರೆ ತಿರುಗಿ ಗಾಳಿ ಬಿಡುವ, ತಡೆಯುವ ತಗಡು, ಇರುತ್ತವೆ. ಮೇಲಿನ ಸಾಲು ಬೇಡ, ಬಿಚ್ಚಿ ಎಸೆಯಿರಿ. ಆದರೆ ಶಾಫ್ಟ್ ತೆಗೆದ ತೂತು ಮುಚ್ಚಲು ಮರೆಯಬೇಡಿ. ನಾನು ಮರೆತೆ. ಎರಡು ವಾರ ಅಲ್ಲಿಂದ ಧೂಳು ಒಳಗೆ ಹೋಗುತ್ತಿತ್ತು.

ಬಾಡಿಯಿಂದ ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡನ್ನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಾಡಿಸಿದೆ. ಎಂಜಿನ್ ಹೆಡ್ ಕಡೆಗೆ ಅಲ್ಯೂಮಿನಿಯಂ ಫ್ಲಾಂಜ್, ಅದಕ್ಕೆ ನಾಲ್ಕು ಪೈಪ್ ವೆಲ್ಡ್, ಆಮೇಲೆ ರಬ್ಬರ್ ಹೋಸ್, ಅದರ ಮೇಲೆ ಬಾಡಿ. ಮೊದಲ ಫ್ಲಾಂಜ್ ವೆಲ್ಡ್ ಬಿಸಿಗೆ ಬಾಳೆ ಎಲೆ ಹಾಗೆ ಮುರುಟಿಕೊಂಡಿತು. 3,500 ರೂಪಾಯಿ ನೀರಿಗೆ. ಎರಡನೆಯದನ್ನು 12 ಎಂಎಂ ಪ್ಲೇಟಿನಲ್ಲಿ ಮಾಡಿಸಿ, ವೆಲ್ಡ್ ಆದ ಮೇಲೆ ಮಿಲ್ಲಿಂಗ್‌ನಲ್ಲಿ ಮತ್ತೆ ಮಟ್ಟ ಮಾಡಿಸಿದೆ.

ಇನ್ನು ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು. ಮೊದಲು ಎಸ್ಟೀಮ್‌ನ ಕಂಪನಿ ಇಸಿಯು ಇಟ್ಟುಕೊಂಡೇ ಓಡಿಸೋಣ ಅಂತ ಜಿಪುಣತನ ಮಾಡಿದೆ. ಅದು ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಬಿಡುವ ಇಸಿಯು. ನಾಲ್ಕು ಬಾಡಿ ಬೇರೆ ಬೇರೆ ಇದ್ದರೆ ಅದಕ್ಕೆ ಒತ್ತಡ ಸಿಗುವುದೆಲ್ಲಿಂದ? ಸ್ಲೋ ಸ್ಪೀಡು 700ಕ್ಕೂ 2,000ಕ್ಕೂ ಜೋಕಾಲಿ ಆಡುತ್ತಿತ್ತು. ಆಮೇಲೆ ಸ್ಪೀಡುಯಿನೋಗೆ, ಅಂದರೆ ನಾವೇ ಕಟ್ಟಿಕೊಳ್ಳಬಹುದಾದ ಇಸಿಯುಗೆ, ಬಂದೆ. ಬೋರ್ಡು ನಾನೇ ಬೆಸುಗೆ ಹಾಕಿದ್ದು. ಸಾಮಾನೆಲ್ಲ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಆರ್ಡ್ವಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಸೇರಿ 9 ಸಾವಿರದ ಒಳಗೇ ಮುಗಿಯಿತು. ಬೋರ್ಡು ಮೊದಲ ದಿನದಿಂದ ಇವತ್ತಿನವರೆಗೆ ಒಂದು ದಿನವೂ ಕೈ ಕೊಟ್ಟಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಮುಂದೆ ತಿಂಗಳುಗಟ್ಟಲೆ ಎಲ್ಲರೂ ಬೈದದ್ದು ಆ ಬೋರ್ಡನ್ನೇ. ನಾನೂ ಸೇರಿ.

ಮೊದಲ ಸ್ಟಾರ್ಟ್ ಮರೆಯುವ ಹಾಗಿಲ್ಲ. ಟ್ರಿಗರ್ ಆ್ಯಂಗಲ್, ಅಂದರೆ ಕಿಡಿ ಯಾವಾಗ ಹಾರಬೇಕೆಂದು ಇಸಿಯು ಲೆಕ್ಕ ಹಾಕುವ ಕೋನ, ಅಂದಾಜಿನಲ್ಲಿ ಹಾಕಿದ್ದೆ. ಸೆಲ್ಫ್ ಹೊಡೆದದ್ದೇ ತಡ, ಎರಡನೇ ಸಿಲಿಂಡರ್ ಬಾಡಿಯಿಂದ ಒಂದು ಮೊಳ ಬೆಂಕಿ ಬಂತು. ಬಗ್ಗಿ ನೋಡುತ್ತಿದ್ದ ನನ್ನ ಹುಬ್ಬು ಅರ್ಧ ಹೋಯಿತು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು, ಬಚಾವ್. ದಯವಿಟ್ಟು ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು, ಪುಲ್ಲಿ ಗುರುತು ಸರಿ ಕೂರುವ ತನಕ ಮುಂದೆ ಹೋಗಬೇಡಿ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕಾಟ. 4,500 ಆರ್‌ಪಿಎಂ ದಾಟಿದರೆ ಮಿಸ್ ಹೊಡೆಯುತ್ತಿತ್ತು. ಬಂದೂಕಿನ ಹಾಗೆ ಪಟಪಟ ಸದ್ದು. ಕಾಯಿಲ್ ಬದಲಿಸಿದೆ. ಪ್ಲಗ್ ಬದಲಿಸಿದೆ. ಸೆನ್ಸರ್ ಎರಡು ಸಲ. ಒಟ್ಟು 11 ಸಾವಿರ ಖರ್ಚು, ನಾಲ್ಕು ತಿಂಗಳು. ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಹಾಲಿನ ಪಕ್ಕದಲ್ಲೇ "ಕಾಯಿಲ್ 3,200" ಅಂತ ಬರೆಯಲು ಶುರು ಮಾಡಿದಳು. ಬೈಯಲಿಲ್ಲ. ಬರೆದಳು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ತಪ್ಪು ಎರಡು ಇದ್ದವು, ಅದಕ್ಕೇ ಅಷ್ಟು ದಿನ ಹಿಡಿಯಿತು. ಒಂದು, ಟ್ರಿಗರ್ ವೀಲ್, ಎಂಜಿನ್ ಎಷ್ಟು ತಿರುಗಿದೆ ಅಂತ ಸೆನ್ಸರ್‌ಗೆ ತೋರಿಸುವ ಹಲ್ಲಿನ ಚಕ್ರ. 36-1, ಅಂದರೆ 36ರಲ್ಲಿ ಒಂದು ಹಲ್ಲು ಕಮ್ಮಿ ಇರುವ ವೀಲನ್ನು ದುಡ್ಡು ಉಳಿಸಲು ಕೈಯಲ್ಲೇ ಕುಯ್ದಿದ್ದೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಡಯಲ್ ಇಟ್ಟು ತಿರುಗಿಸಿದರೆ ಅರ್ಧ ಎಂಎಂ ಮೇಲೆ ಕುಣಿಯುತ್ತಿತ್ತು. ಲೇಸರ್‌ನಲ್ಲಿ ಕತ್ತರಿಸಿಕೊಟ್ಟರು, 700 ರೂಪಾಯಿ. ಏಳುನೂರು! ಮೊದಲೇ ಮಾಡಿಸಿದ್ದರೆ ಆಗುತ್ತಿರಲಿಲ್ಲವಾ? ಸೆನ್ಸರ್‌ಗೂ ಹಲ್ಲಿಗೂ ನಡುವೆ ಹ್ಯಾಕ್ಸಾ ಬ್ಲೇಡು ಸಲೀಸಾಗಿ ಸರಿದರೆ ಸಾಕು, ಫೀಲರ್ ಗೇಜ್ ಹುಡುಕುತ್ತಾ ಕೂರಬೇಡಿ.

ವೀಲ್ ಬದಲಿಸಿದ ಮೇಲೆ ಮಿಸ್ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಒಂದು ರಾತ್ರಿ ಹನ್ನೊಂದರ ಹೊತ್ತು. ಬೇಸರದಲ್ಲಿ ಎಂಜಿನ್ ಸುಮ್ನೆ ಓಡಲು ಬಿಟ್ಟು ಪಕ್ಕದಲ್ಲಿ ಕೂತಿದ್ದೆ. ರೇಡಿಯೇಟರ್ ಫ್ಯಾನ್ ತಿರುಗಿತು, ಎಂಜಿನ್ ಬಿಕ್ಕಳಿಸಿತು. ಫ್ಯಾನ್ ನಿಂತಿತು, ಎಂಜಿನ್ ಸರಿಯಾಯಿತು. ಮತ್ತೆ ಫ್ಯಾನ್, ಮತ್ತೆ ಬಿಕ್ಕಳಿಕೆ. ಎದ್ದು ಕುಣಿಯುವುದೊಂದು ಬಾಕಿ. ಅರ್ತ್! ಇಸಿಯು ಅರ್ತನ್ನು ನಾನು ಫ್ಯಾನಿನ ಅರ್ತ್ ಜೊತೆ ಬಾಡಿಯ ಒಂದು ಬೋಲ್ಟಿಗೆ ಕಟ್ಟಿದ್ದೆ. ಅದೂ ಪೇಂಟ್ ಕೆರೆಯದೆ. ಸೆನ್ಸರ್ ವೈರಿನ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿದ್ದೆ. ಶೀಲ್ಡ್ ಒಂದೇ ತುದಿ, ಇಸಿಯು ಕಡೆ. ಎಲ್ಲ ಇಸಿಯು ಅರ್ತುಗಳು ಒಟ್ಟಿಗೆ ಎಂಜಿನ್ ಬ್ಲಾಕಿನ ಮೇಲೆ ಒಂದೇ ಜಾಗಕ್ಕೆ. ಮಾರನೇ ಬೆಳಗ್ಗೆ 6,800ರ ತನಕ ಹಾಲು ಕುಡಿದಷ್ಟು ನಯವಾಗಿ ಎಳೆಯಿತು.

ಯಾವಾಗ ಎಷ್ಟು ಪೆಟ್ರೋಲ್ ಅಂತ ಇಸಿಯುಗೆ ಹೇಳುವ ಮ್ಯಾಪಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒತ್ತಡ ಬಿಟ್ಟು ಥ್ರಾಟಲ್ ಕೋನ ನೋಡಿ ಪೆಟ್ರೋಲ್ ಕೊಡುವುದಕ್ಕೆ, ಅಂದರೆ ಆಲ್ಫಾ-ಎನ್‌ಗೆ ಬಂದೆ. ಅಲ್ಲಿಗೆ ಜೋಕಾಲಿ ನಿಂತಿತು. ಆದರೂ ನಾಲ್ಕೂ ಬಾಡಿಯ ವ್ಯಾಕ್ಯೂಮನ್ನು ಒಂದು ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರ್ ಡಬ್ಬಿಗೆ ತಂದು, ಸಣ್ಣ ಥ್ರಾಟಲ್‌ನಲ್ಲಿ ಅದನ್ನೂ ಸ್ವಲ್ಪ ಬಳಸುತ್ತೇನೆ. ಎಷ್ಟು, ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ವಾಲ್ವ್ ತೆರೆಯುವ ಕ್ಯಾಮ್ ಗ್ರೈಂಡ್ ಮಾಡಿಸಿದ ಲೆಕ್ಕವೂ ಹಾಗೆಯೇ. ಕೇಳಬೇಡಿ. ನಾಲ್ಕೂ ಚಿಟ್ಟೆ ಸಮ ಮಾಡಲು ಗೇಜ್ ಕೊಳ್ಳಬೇಕಿಲ್ಲ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಹತ್ತು ಮೀಟರ್, ಒಂದು ಹಲಗೆ, ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್. ಪೈಪಿನಲ್ಲಿ ಆಯಿಲ್ ಎರಡೂ ಕಡೆ ಸಮ ನಿಂತರೆ ವ್ಯಾಕ್ಯೂಮ್ ಸಮ. ಇನ್ನೂರು ರೂಪಾಯಿಯ ಮಾಲು.

ಹೊಗೆ ನೋಡಿ ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್‌ಗೆ ಮಾತ್ರ ಜಿಪುಣತನ ಬೇಡ. ಕಂಟ್ರೋಲರ್ ಸೇರಿ 17 ಸಾವಿರ ಹೋಯಿತು, ಒಂದು ರೂಪಾಯಿಯೂ ಅನ್ಯಾಯ ಇಲ್ಲ.

ಬ್ರೇಕಿನ ಕಥೆ ಹೇಳಲೇಬೇಕು. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮನ್ನು ಒಂದೇ ಸಿಲಿಂಡರಿಂದ ಕೊಟ್ಟಿದ್ದೆ. ಲೇಔಟಿನಲ್ಲಿ ಮೂರನೇ ಗೇರಲ್ಲಿ ಬಂದು ಒಮ್ಮೆ ಬ್ರೇಕ್ ಒತ್ತಿದೆ, ಹಿಡಿಯಿತು. ತಕ್ಷಣ ಎರಡನೇ ಸಲ ಒತ್ತಿದರೆ ಪೆಡಲ್ ಕಲ್ಲು. ಗೇಟಿಗೆ ಐದಾರು ಅಡಿ ಬಾಕಿ ಇದ್ದಾಗ ನಿಂತೆ. ಗೇಟು ಕಾಯುವ ಅಜ್ಜ ಅವತ್ತಿನಿಂದ ನಾನು ಬಂದರೆ ಗೇಟು ತೆಗೆದೇ ಇಡುತ್ತಾನೆ. ಮ್ಯಾನಿಫೋಲ್ಡಿನ ನಾಲ್ಕೂ ಪೈಪಿಂದ ಎಳೆಯಿರಿ, ನಡುವೆ ಒನ್‌ವೇ ವಾಲ್ವ್ ಹಾಕಿ.

ಈಗ ಸ್ವಲ್ಪ ಅಡ್ಡದಾರಿ. ಬಾಡಿಯ ಬಾಯಿಗೆ ಹಾಕುವ, ಗಾಳಿ ಎಳೆಯುವ ತುತ್ತೂರಿಗಳನ್ನು ಹೊರದೇಶದಿಂದ ತರಿಸಿದರೆ ಒಂದು ಸೆಟ್ಟಿಗೆ 14 ಸಾವಿರ ಹೇಳಿದರು. ನಾನು ಪಿವಿಸಿ ಪೈಪಿನ ತುಂಡನ್ನು ಗ್ಯಾಸ್ ಒಲೆ ಮೇಲೆ ಬಿಸಿ ಮಾಡಿ, ಮರದ ಅಚ್ಚಿನ ಮೇಲೆ ಒತ್ತಿ ಬಾಯಿ ಅರಳಿಸಿದೆ. ಅಚ್ಚು ಮಾಡಿಕೊಟ್ಟದ್ದು ಚನ್ನಪಟ್ಟಣದ ಒಬ್ಬ ಗೊಂಬೆ ಕೆಲಸದವರು. ಚಿತ್ರ ನೋಡಿ "ಬುಗುರಿನಾ ಸಾರ್? ಮೊಳೆ ಎಲ್ಲಿ ಹೊಡೀಬೇಕು?" ಎಂದು ಕೇಳಿದರು. ಕಾರಿಗೆ ಅಂದಾಗ ನಂಬಲಿಲ್ಲ. 250 ರೂಪಾಯಿ ತಗೊಂಡು, ಅಭ್ಯಾಸ ಬಲದಿಂದ ಅದಕ್ಕೆ ಕೆಂಪು ಅರಗಿನ ಬಣ್ಣವನ್ನೂ ಹಚ್ಚಿಕೊಟ್ಟರು. ಬಿಸಿ ಪಿವಿಸಿಗೆ ಅರಗು ಅಂಟಿಕೊಂಡು ಮೊದಲ ನಾಲ್ಕು ತುತ್ತೂರಿ ಕೆಂಪಗೇ ಬಂದವು. ನೋಡಲು ಚೆನ್ನಾಗಿದ್ದವು, ಕೆಲಸಕ್ಕೆ ಬರಲಿಲ್ಲ. ಬಣ್ಣ ಕೆರೆದು ಮತ್ತೆ ಮಾಡಿದೆ. 60, 90, 120 ಎಂಎಂ ಮೂರೂ ಉದ್ದ ನೋಡಿದೆ. 60ರಲ್ಲಿ ಸದ್ದು ಜಾಸ್ತಿ, ಪಿಕಪ್ ಕಡಿಮೆ. 120 ಬಾನೆಟ್‌ಗೆ ತಾಗಿತು. 90 ನಿಂತಿತು. ಇದನ್ನು ದೊಡ್ಡ ಸಂಶೋಧನೆ ಅಂತ ತಿಳಿಯಬೇಡಿ, ನನ್ನ ಎಂಜಿನ್‌ಗೆ ಹಾಗೆ ಆಯಿತು. ಅಡಿಗೆಮನೆ ವಾಸನೆ ಮೂರು ದಿನ ಹೋಗಲಿಲ್ಲ, ಆ ಲೆಕ್ಕ ಕ್ಯಾಲೆಂಡರಿನಲ್ಲಿ ಇಲ್ಲ.

ತುತ್ತೂರಿ ಬಂದ ಖುಷಿಯಲ್ಲಿ ಫಿಲ್ಟರ್ ಇಲ್ಲದೆ ಒಂದು ಮಣ್ಣಿನ ಆಟೋಕ್ರಾಸ್ ರೇಸಿಗೆ ಹೋದೆ. ಎರಡೇ ಓಟ. ಬೋರಿಗೆ ಉಪ್ಪುಕಾಗದ ತಿಕ್ಕಿದ ಹಾಗಾಯಿತು. 180 ಪಿಎಸ್‌ಐ ಇದ್ದ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ, 130ಕ್ಕೆ ಬಂತು. ಬೋರ್ ಮಾಡಿಸಿ ಪಿಸ್ಟನ್ ಹಾಕಿಸಲು 26 ಸಾವಿರ. ಮೇಸ್ತ್ರಿ ಅವತ್ತು ಏನೂ ಹೇಳಲಿಲ್ಲ, ಪಿಸ್ಟನ್ ಕೈಗೆ ಕೊಟ್ಟು ಮುಖ ನೋಡಿದರು. ಈಗ ಎಣ್ಣೆ ಹಚ್ಚಿದ ಫೋಮ್ ಕವರ್ ಹಾಕದೆ ಸೆಲ್ಫ್ ಮುಟ್ಟುವುದಿಲ್ಲ.

ಇನ್ನೊಂದು, ಪೆಟ್ರೋಲು. ಬಂಕಿನಲ್ಲಿ ಈಗ ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು, ತಾನೇ. ಮೊದಲು ಮಾಡಿದ ಮ್ಯಾಪಿಗೆ ನಾಲ್ಕೈದು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಕೊಡಬೇಕಾಯಿತು. ಹಳೆಯ ರಬ್ಬರ್ ಪೈಪು ಊದಿಕೊಂಡು ಒಂದು ಕಡೆ ಜಿನುಗುತ್ತಿತ್ತು, ಬಿಸಿ ಸೈಲೆನ್ಸರ್ ಪೈಪಿನ ಮೇಲೇ. ಎಲ್ಲ ಪೈಪು ಬದಲಿಸಿದೆ. ನೀವೂ ಇವತ್ತೇ ಕೈ ಹಾಕಿ ಮುಟ್ಟಿ ನೋಡಿ.

ಖರ್ಚಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಕಾರು 35, ಗುಜರಿ ಎಂಜಿನ್ ಮತ್ತು ಗೇರ್ ಬಾಕ್ಸ್ 28, ಹೆಡ್ ಕೆಲಸ ಮತ್ತು ಕ್ಯಾಮ್ 40ರ ಹತ್ತಿರ, ರೋಲ್ ಕೇಜ್, ಸೀಟು, ಬೆಲ್ಟು ಸೇರಿ 70, ಎಲ್ಲ ಸಾವಿರದಲ್ಲಿ. ಮೇಲೆ ಹೇಳಿದ್ದನ್ನೂ ಟೈರನ್ನೂ ಸೇರಿಸಿದರೆ ಮೂರು ಲಕ್ಷ ದಾಟುತ್ತದೆ. ಅದರಲ್ಲಿ 50 ಸಾವಿರ ಬರೀ ದಡ್ಡತನದ್ದು. ಕ್ಯಾಲೆಂಡರಿನ ಮೊತ್ತ ಇನ್ನೂ ಜಾಸ್ತಿ ಇದೆಯಂತೆ, ನಾನು ಕೂಡಿಸಿಲ್ಲ.

ಸಿಕ್ಕಿದ್ದೇನು? ಶಕ್ತಿ ಅಳೆಯುವ ಡೈನೋ ಯಂತ್ರದಲ್ಲಿ ಚಕ್ರಕ್ಕೆ 71 ಅಶ್ವಶಕ್ತಿ ಇದ್ದದ್ದು 86 ಆಯಿತು. ಕಂಪನಿ ಹೇಳುತ್ತಿದ್ದ 85, ಎಂಜಿನ್ ಹತ್ತಿರವೇ ಅಳೆದ ಲೆಕ್ಕ, ನೆನಪಿಡಿ. ವೇಬ್ರಿಡ್ಜಿನಲ್ಲಿ ಭತ್ತದ ಲಾರಿಗಳ ನಡುವೆ ತೂಗಿಸಿದೆ, ಕೇಜ್ ಸೇರಿ 700 ಕೆಜಿ ಆಸುಪಾಸು. ಅಲ್ಲಿಯ ಹುಡುಗ "ಲೋಡ್ ಎಲ್ಲಿ ಸಾರ್?" ಎಂದ.

ಕೊಯಮತ್ತೂರಿಗೆ ಚಾಮರಾಜನಗರದ ಮೇಲೆ ಹೋದೆವು. ರಾತ್ರಿ ಆ ಕಾಡಿನ ರಸ್ತೆ ಮುಚ್ಚುತ್ತಾರೆ, ಹಾಗಾಗಿ ಹಿಂದಿನ ದಿನ ಬೆಳಗ್ಗೆಯೇ ಹೊರಟೆವು. ದಿಂಬಂ ಘಾಟಿಯ 27 ತಿರುವಲ್ಲೂ ಮೇಸ್ತ್ರಿ ಹಿಂದೆ ತಿರುಗಿ ಕಾರು ಕಟ್ಟಿದ ಹಗ್ಗವನ್ನೇ ನೋಡುತ್ತಿದ್ದರು. ಹೌದು, ಅವರೇ ಜೊತೆಗೆ ಬಂದಿದ್ದರು. ಟ್ರ್ಯಾಕ್ 2.1 ಕಿಲೋಮೀಟರ್. ಕಂಪನಿ ಮ್ಯಾನಿಫೋಲ್ಡಿನಲ್ಲಿ ಇದೇ ಎಂಜಿನ್ ಇಟ್ಟು ಓಡಿಸಿದ್ದಕ್ಕಿಂತ ಎರಡೂವರೆ ಸೆಕೆಂಡ್ ಬೇಗ ಬಂದೆ. ಹೊಸ ಟರ್ಬೊ ಹ್ಯಾಚ್‌ಬ್ಯಾಕ್ ತಂದಿದ್ದ ಹುಡುಗನೊಬ್ಬ ಮೂರು ಸುತ್ತು ಹಿಂದೆಯೇ ಇದ್ದ. ಆಮೇಲೆ ಬಂದು ಬಾನೆಟ್ ತೆಗೆಯಲು ಹೇಳಿದ. ತೆಗೆದು ತೋರಿಸಿದ್ದು ಮೇಸ್ತ್ರಿ. "ಬೈಕಿಂದು, ನಾವೇ ಹಾಕಿದ್ದು" ಎಂದರು. ನಾವೇ ಅಂತೆ!

ನಾಲ್ಕನೇ ಸೆಷನ್‌ನಲ್ಲಿ ಎರಡನೇ ಗೇರ್ ಕರಕರ ಅನ್ನಲು ಶುರುವಾಯಿತು. ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊ ಹೋಗಿದೆ. ಶಿವಾಜಿನಗರದಲ್ಲಿ ಒಂದು ಗೇರ್ ಬಾಕ್ಸ್ ನೋಡಿ ಬಂದಿದ್ದೇನೆ, 6,500 ಹೇಳುತ್ತಿದ್ದಾರೆ. ಬಿಚ್ಚಿ ತೋರಿಸಿದರೆ ಮಾತ್ರ ದುಡ್ಡು ಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಮತ್ತೆ ಹೋಗಬೇಕು.