ಕೊಚ್ಚಿಗೆ ಹೋದರೆ ನೆಲ ನೋಡಿ ಬನ್ನಿ

ಫೋರ್ಟ್ ಕೊಚ್ಚಿ, ಮಟ್ಟಂಚೇರಿ ಎರಡನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಆದರೆ ಯಾವ ದಿನ ಹೋಗುತ್ತೀರಿ ಅನ್ನುವುದು ಮುಖ್ಯ. ನಾನು ಮೊದಲ ಸಲ ಹೋಗಿದ್ದು ಶುಕ್ರವಾರ. ಮಟ್ಟಂಚೇರಿ ಅರಮನೆಗೆ ಅವತ್ತೇ ವಾರದ ರಜೆ. ಸರಿ, ಪಕ್ಕದ ಸಿನಗಾಗ್ ಆದರೂ ನೋಡೋಣ ಅಂದರೆ ಅದಕ್ಕೂ ಬೀಗ. ಯಹೂದಿಗಳ ಆ ಪ್ರಾರ್ಥನಾ ಮಂದಿರ ಶುಕ್ರವಾರ, ಶನಿವಾರ ಎರಡೂ ದಿನ ಮುಚ್ಚಿರುತ್ತದೆ. ಬಿಸಿಲಲ್ಲಿ ನಿಂತು ಮನೆಯವರಿಂದ ಬೈಸಿಕೊಂಡಿದ್ದೊಂದೇ ಲಾಭ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಶುಕ್ರವಾರ, ಶನಿವಾರ ಬಿಟ್ಟುಬಿಡಿ. ತ್ರಿಪ್ಪುಣಿತುರದ ಹಿಲ್ ಪ್ಯಾಲೇಸ್ ಮ್ಯೂಸಿಯಂ ಕೂಡ ನೋಡುವ ಆಸೆ ಇದ್ದರೆ ಸೋಮವಾರವೂ ಬೇಡ, ಅವತ್ತು ಅದಕ್ಕೆ ರಜೆ. ಭಾನುವಾರ ಬೆಳಗ್ಗೆ ಚರ್ಚುಗಳಲ್ಲಿ ಪೂಜೆ ನಡೆಯುತ್ತಿರುತ್ತದೆ, ಒಳಗೆ ಸುತ್ತಾಡಲು ಆಗುವುದಿಲ್ಲ. ಉಳಿದಿದ್ದು ಮಂಗಳ, ಬುಧ, ಗುರು. ಯಹೂದಿ ಹಬ್ಬಗಳಲ್ಲೂ ಸಿನಗಾಗ್ ತೆರೆಯುವುದಿಲ್ಲ, ಹೊರಡುವ ಮುಂಚೆ ಅದನ್ನೂ ನೋಡಿಕೊಳ್ಳಿ.

ಬೋಟಿನಲ್ಲೇ ಹೋಗಿ

ಎರ್ನಾಕುಲಂನಿಂದ ರಸ್ತೆಯಲ್ಲೂ ಹೋಗಬಹುದು. ಬಂದರಿನ ಊರನ್ನು ರಸ್ತೆಯಿಂದ ನೋಡಿದರೆ ಏನು ಚೆಂದ, ಅಲ್ವಾ? ಮುಖ್ಯ ಜೆಟ್ಟಿಯಿಂದ ಜಲಸಾರಿಗೆ ಇಲಾಖೆಯ ಬೋಟು ಹೊರಡುತ್ತದೆ, ಟಿಕೆಟ್ಟಿಗೆ ಚಿಲ್ಲರೆ ಕಾಸು ಸಾಕು. ಎಸಿ ಬೇಕೆನ್ನುವವರಿಗೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಇದೆ. ನನ್ನನ್ನು ಕೇಳಿದರೆ ಹಳೇ ಬೋಟೇ ವಾಸಿ, ಗಾಳಿ ಮುಖಕ್ಕೆ ಹೊಡೆಯುತ್ತದೆ.

ಎಡಗಡೆ ಕೂತರೆ ವಿಲಿಂಗ್ಡನ್ ದ್ವೀಪ ಕಾಣುತ್ತದೆ. ಅದು ಮನುಷ್ಯರು ಮಾಡಿದ ನೆಲ. ದೊಡ್ಡ ಹಡಗುಗಳು ಒಳಗೆ ಬರಲಿ ಅಂತ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕಾಲದಲ್ಲಿ ಹೂಳು ತೆಗೆಸಿದರು. ಆ ಹೂಳನ್ನೇ ಸುರಿದು ದ್ವೀಪ ಎಬ್ಬಿಸಿದರು. ಈ ಬಂದರು ತೆರೆದುಕೊಂಡಿದ್ದೇ 1341ರ ಪೆರಿಯಾರ್ ನದಿಯ ಪ್ರವಾಹದಿಂದ ಅನ್ನುತ್ತಾರೆ. ಒಂದು ಸಲ ನದಿ ಬಾಗಿಲು ತೆಗೆಯಿತು, ಇನ್ನೊಂದು ಸಲ ಜನ ಅಗಲ ಮಾಡಿದರು.

ಮಧ್ಯಾಹ್ನದೊಳಗೆ ಮಟ್ಟಂಚೇರಿ

ಇಳಿದ ತಕ್ಷಣ ಫೋರ್ಟ್ ಕೊಚ್ಚಿಯಲ್ಲಿ ನಿಲ್ಲಬೇಡಿ. ಆಟೊ ಹಿಡಿದು ನೇರ ಮಟ್ಟಂಚೇರಿಗೆ ಹೋಗಿ. ಸಿನಗಾಗ್ ಮಧ್ಯಾಹ್ನ ಒಂದರಿಂದ ಮೂರರ ತನಕ ಮುಚ್ಚಿರುತ್ತದೆ, ಅದಕ್ಕೇ ಈ ಅವಸರ. ಆಟೊದವರು "ಐದೇ ನಿಮಿಷ, ಸುಮ್ನೆ ನೋಡಿ ಬನ್ನಿ" ಅಂತ ಕರಕುಶಲ ಅಂಗಡಿಗೆ ಕರೆದುಕೊಂಡು ಹೋಗುವುದುಂಟು. ಬೇಡ ಅಂತ ಹತ್ತುವಾಗಲೇ ಹೇಳಿಬಿಡಿ.

ಮೊದಲು ಅರಮನೆ. ಡಚ್ ಪ್ಯಾಲೇಸ್ ಅಂತ ಹೆಸರು, ಆದರೆ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು, 1555ರ ಸುಮಾರಿಗೆ. ಡಚ್ಚರು ಆಮೇಲೆ ರಿಪೇರಿ ಮಾಡಿಸಿದರು, ಹೆಸರು ಅವರದಾಯಿತು! ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣದ ಚಿತ್ರಗಳು. ದಶರಥನ ಯಜ್ಞದಿಂದ ಶುರುವಾಗಿ ರಾಮ ಅಯೋಧ್ಯೆಗೆ ಮರಳುವ ತನಕ ಕಥೆ ಸಾಗುತ್ತದೆ. ಬೆಳಕು ಕಮ್ಮಿ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ, ಆಮೇಲೆ ಒಬ್ಬೊಬ್ಬರಾಗಿ ಮುಖಗಳು ಕಾಣತೊಡಗುತ್ತವೆ. ಪಲ್ಲಕ್ಕಿ, ಕತ್ತಿ, ರಾಜರ ಭಾವಚಿತ್ರಗಳಿಗೆ ಹೆಚ್ಚು ಹೊತ್ತು ಬೇಡ.

ಈಗ ಕೆಳಗೆ ನೋಡಿ. ಕಪ್ಪಗೆ ಮಿರುಗುವ ನೆಲ ನುಣುಪು ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಕಲ್ಲಲ್ಲ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ ಗಾರೆ. ಹೆಚ್ಚಿನವರು ಗೋಡೆ ನೋಡುತ್ತಲೇ ಇದರ ಮೇಲೆ ನಡೆದುಹೋಗುತ್ತಾರೆ.

ಅಲ್ಲಿಂದ ಸಿನಗಾಗ್‌ಗೆ ನಡೆದೇ ಹೋಗಬಹುದು. ಕಟ್ಟಿದ್ದು 1568ರಲ್ಲಿ. ಮೈ ಮುಚ್ಚುವ ಬಟ್ಟೆ ಇರಲಿ, ಚಪ್ಪಲಿ ಹೊರಗೆ. ಬರಿಗಾಲಿಗೆ ತಣ್ಣಗೆ ತಾಗುವುದು ಚೀನಾದಿಂದ ಹಡಗಿನಲ್ಲಿ ಬಂದ ಬಿಳಿ–ನೀಲಿ ಟೈಲುಗಳು. ಒಂದೊಂದನ್ನೂ ಕೈಯಲ್ಲೇ ಬರೆದಿದ್ದಾರೆ, ಒಂದರ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಮಕ್ಕಳಿದ್ದರೆ ಎರಡು ಟೈಲು ಹೋಲಿಸಿ ವ್ಯತ್ಯಾಸ ಹುಡುಕಲು ಹೇಳಿ, ಅಷ್ಟು ಹೊತ್ತು ನೀವು ಆರಾಮಾಗಿ ಮೇಲಿನ ಗಾಜಿನ ದೀಪಗಳನ್ನು ನೋಡಬಹುದು. ಹೊರಗೆ 1760ರ ಗಡಿಯಾರದ ಗೋಪುರವಿದೆ. ಅದರ ಮುಖಗಳಲ್ಲಿ ಅಂಕಿಗಳ ಲಿಪಿ ಬೇರೆಬೇರೆ.

ಊಟ ಮುಗಿಸಿ ಫೋರ್ಟ್ ಕೊಚ್ಚಿ

ವಾಪಸ್ ಬರುವಾಗ ಬಜಾರ್ ರೋಡಿನ ಹಳೇ ಸಾಂಬಾರ ಗೋದಾಮುಗಳ ಕಡೆಯಿಂದ ಬನ್ನಿ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಮತ್ತೆ ನೆಲ ನೋಡುವ ಕೆಲಸ. ವಾಸ್ಕೋ ಡ ಗಾಮ ಕೊಚ್ಚಿಯಲ್ಲೇ 1524ರ ಡಿಸೆಂಬರ್ 24ರಂದು ತೀರಿಕೊಂಡ. ಅವನನ್ನು ಹೂಳಿದ್ದು ಇಲ್ಲೇ. ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು, ಸಮಾಧಿಯ ಕಲ್ಲು ಮಾತ್ರ ಉಳಿದಿದೆ. ಸುತ್ತ ಕಂಬಿ ಇದೆ, ಬಗ್ಗಿ ನೋಡಬೇಕು. ಛಾವಣಿಯಿಂದ ಇಳಿಬಿದ್ದ ಬಟ್ಟೆಯ ಬೀಸಣಿಗೆಗಳನ್ನೂ ಗಮನಿಸಿ. ಅವುಗಳ ಹಗ್ಗ ಗೋಡೆ ದಾಟಿ ಹೊರಗೆ ಹೋಗುತ್ತಿತ್ತು. ಒಳಗೆ ದೊರೆಗಳು ಪ್ರಾರ್ಥನೆ ಮಾಡುತ್ತಿದ್ದರೆ ಹೊರಗೆ ಕೂತವನು ಹಗ್ಗ ಎಳೆಯುತ್ತಿದ್ದ. ನನಗಂತೂ ಗಾಮನ ಕಲ್ಲಿಗಿಂತ ಆ ಹಗ್ಗವೇ ಹೆಚ್ಚು ಹೊತ್ತು ತಲೆಯಲ್ಲಿ ಉಳಿಯಿತು.

ಮೀನು ಹಿಡಿಯುವ ಚೀನೀ ಬಲೆಗಳನ್ನು ಸಂಜೆಗೆ ಇಟ್ಟುಕೊಳ್ಳಿ, ಬಿಸಿಲು ಇಳಿದಿರುತ್ತದೆ. ಹಗ್ಗಕ್ಕೆ ಸಾಲಾಗಿ ಕಟ್ಟಿದ ಕಲ್ಲುಗಳ ಭಾರಕ್ಕೆ ಬಲೆ ನೀರಿನಿಂದ ಮೇಲೇಳುತ್ತದೆ. ನಾಲ್ಕಾರು ಜನ ಒಟ್ಟಿಗೆ ಎಳೆಯುತ್ತಾರೆ. ನಿಮ್ಮನ್ನೂ ಎಳೆಯಲು ಕರೆದರೆ ಹೋಗಿ, ಆದರೆ ಕೊನೆಗೆ ಒಂದಿಷ್ಟು ದುಡ್ಡು ಕೇಳುತ್ತಾರೆ ಅನ್ನುವುದು ನೆನಪಿರಲಿ. ವಾಪಸ್ ಹೋಗುವ ಕೊನೇ ಬೋಟು ಎಷ್ಟು ಗಂಟೆಗೆ ಅಂತ ಬೆಳಗ್ಗೆ ಇಳಿಯುವಾಗಲೇ ಜೆಟ್ಟಿಯಲ್ಲಿ ಕೇಳಿಟ್ಟುಕೊಂಡಿರಿ.